ಕೊನೆಯ ಅಧ್ಯಾಯ ಮತ್ತು ನನ್ನ ಹೊಟ್ಟೆ

ಮಾರ್ಚ್ ೩, ಸೋಮವಾರ

ಇವತ್ತು ನನ್ನ ಹೊಟ್ಟೆ ಮೈಕಿನಲ್ಲಿ ಮಾತಾಡಿತು.

ಇಷ್ಟು ವರ್ಷ ಈ ಕೋಣೆಯಲ್ಲಿ ಕೂತು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸಿದ್ದೇನೆ. ಕೆಮ್ಮು, ಸೀನು, ಕುರ್ಚಿಯ ಕಿರುಗುಟ್ಟು, ಪುಟ ತಿರುವುವ ಸದ್ದು, ಎಲ್ಲವನ್ನೂ ಹದ್ದುಬಸ್ತಿಗೆ ತಂದುಕೊಂಡವಳು ನಾನು. ಗೋಡೆಗೆಲ್ಲ ಸ್ಪಂಜು, ಬಾಗಿಲಿಗೆ ರಬ್ಬರು, ಕಿಟಕಿಯಿಲ್ಲ, ಫ್ಯಾನಿಲ್ಲ; ಸೊಳ್ಳೆ ಕೂಡ ಅಪ್ಪಣೆ ಕೇಳಿ ಒಳಗೆ ಬರಬೇಕು. ಅಂಥ ಕೋಣೆಯಲ್ಲಿ, ಕಾದಂಬರಿಯ ದೋಣಿಯವಳು ಗಂಡನ ಹೆಣದ ಪಕ್ಕ ಮಾತಿಲ್ಲದೆ ಕೂತಿರುವ ಜಾಗದಲ್ಲಿ, ನನ್ನ ಹೊಟ್ಟೆ ಗುಳುಗುಳು ಎಂದು ಉದ್ದಕ್ಕೆ ರಾಗ ತೆಗೆಯಿತು.

ಗಾಜಿನ ಆಚೆ ಕಿವಿ ಕೈ ಎತ್ತಿದ. ಧ್ವನಿ ನೋಡಿಕೊಳ್ಳುವ ಈ ಮನುಷ್ಯನಿಗೆ ನಾವೆಲ್ಲ ಕಿವಿ ಎಂದೇ ಹೆಸರಿಟ್ಟಿದ್ದೇವೆ. ಪಕ್ಕದ ಬೀದಿಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೂ ಅವನಿಗೆ ಕೇಳಿಸುತ್ತದೆ.

"ಅಕ್ಕ, ಅದು ನೀವಾ, ಹೆಣಾನಾ?"

"ಬಾಯಿ ಮುಚ್ಚೋ."

"ನಾನು ಮುಚ್ಚಿದೀನಿ. ಮುಚ್ಚದೇ ಇರೋದು ನಿಮ್ಮ ಹೊಟ್ಟೆ."

ಮತ್ತೆ ಓದಿದೆ. ಮತ್ತೆ ಗುಳುಗುಳು. ಮಧ್ಯಾಹ್ನದವರೆಗೆ ಪಟ್ಟು ಹಿಡಿದು ಕೂತು ಒಂದೂವರೆ ಪುಟ ದಕ್ಕಿತು. ಎಲ್ಲ ಆ ಹಲ್ಲಿನ ಪ್ರಸಾದ. ಬುಡಕ್ಕೆ ಕೀವು ತುಂಬಿ ಮುಖ ಕುಂಬಳಕಾಯಿಯಾದಾಗ ಎರಡು ಸುತ್ತು ಆಂಟಿಬಯೋಟಿಕ್ ನುಂಗಿದೆ. ಹಲ್ಲು ನೆಟ್ಟಗಾಯಿತು, ಹೊಟ್ಟೆ ಹದಗೆಟ್ಟಿತು. ಒಂದು ದಿನ ಉಬ್ಬರ, ಒಂದು ದಿನ ಓಟ, ಸದ್ದು ಮಾತ್ರ ದಿನವೂ.

ಬೇರೆ ಯಾವ ಪುಸ್ತಕವಾಗಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಇದು ಅಪ್ಪನ ಪುಸ್ತಕ.

ಮಾರ್ಚ್ ೬, ಗುರುವಾರ

ಡಾಕ್ಟರ ಹತ್ತಿರ ಹೋಗಿದ್ದೆ. ನನಗಿಂತ ಚಿಕ್ಕವರು, ಆದರೆ ಹೊಟ್ಟೆಯ ಮೇಲೆ ಕೈಯಿಟ್ಟಾಗ ಹೆತ್ತವ್ವನ ಗತ್ತು.

"ಆಂಟಿಬಯೋಟಿಕ್‌ಗೆ ಒಳ್ಳೆಯವರು ಕೆಟ್ಟವರು ಅಂತ ಗೊತ್ತಾಗಲ್ಲ," ಎಂದರು. "ಹಲ್ಲಿನ ಕೀವಿನ ಜೊತೆಗೆ ನಿಮ್ಮ ಕರುಳಲ್ಲಿ ಇದ್ದ ಒಳ್ಳೆ ಬ್ಯಾಕ್ಟೀರಿಯಾನೂ ಗುಡಿಸಿ ಹಾಕಿದೆ. ಅವು ತಿರುಗಿ ಬಂದು ಸಂಸಾರ ಹೂಡಬೇಕು. ಅಲ್ಲೀವರೆಗೆ ಗಲಾಟೆ."

ಪ್ರೊಬಯೋಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟರು. ಬದುಕಿರುವ ಬ್ಯಾಕ್ಟೀರಿಯಾ ಅಂತೆ, ಕೋಟಿಗಟ್ಟಲೆ. ಇದು ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ, ಮೊದಮೊದಲು ಗಾಳಿ ಇನ್ನೂ ಜಾಸ್ತಿಯಾದರೂ ಆಗಬಹುದು ಎಂದು ಮೊದಲೇ ಹೇಳಿ ಕೈ ತೊಳೆದುಕೊಂಡರು. ಮೊಸರು ತಿನ್ನಬೇಕಂತೆ. ಹಣ್ಣು, ಕಾಳು, ತರಕಾರಿ ತಿನ್ನಬೇಕಂತೆ, ಏಕೆಂದರೆ ಒಳಗೆ ಬಂದವಕ್ಕೂ ಹೊಟ್ಟೆಗೆ ಬೇಕಲ್ಲ.

"ದಿನಾ ಏನು ತಿಂತೀರಿ?"

"ಬ್ರೆಡ್ಡು, ಬಾಳೆಹಣ್ಣು, ಚಹಾ."

"ರಾತ್ರಿಗೆ?"

"ಅದೇ."

"ಕೂತು ತಿಂತೀರಾ?"

ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಿನ್ನುತ್ತೇನೆ ಎಂದು ಹೇಳುವುದಕ್ಕೆ ಯಾಕೋ ನಾಚಿಕೆಯಾಯಿತು. ಒಬ್ಬಳಿಗೆ ತಟ್ಟೆ ಹಾಕಿಕೊಂಡು ಕೂರುವುದು ದೊಡ್ಡ ಸಂಭ್ರಮ ಅನ್ನಿಸುತ್ತದೆ.

"ಮನೇಲಿ ಮೊಸರಿಗೆ ಹೆಪ್ಪು ಹಾಕ್ತೀರಾ?"

"ನಮ್ಮಮ್ಮ ಹಾಕ್ತಿದ್ದರು," ಎಂದೆ. ಬಸ್ಸಿನಲ್ಲಿ ಬರುವಾಗ ಪೂರ್ತಿ ಅಮ್ಮನ ಕಿರುಬೆರಳೇ ಕಣ್ಣ ಮುಂದೆ. ಕಾಯಿಸಿದ ಹಾಲು ಹದಕ್ಕೆ ಆರಿದೆಯೋ ಇಲ್ಲವೋ ಎಂದು ಆ ಬೆರಳನ್ನು ಅದ್ದಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಳು. ಆಗ ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ.

ಮಾರ್ಚ್ ೯, ಭಾನುವಾರ

ಭಾನುವಾರದ ಕವಾಯತು. ಎರಡು ಬಸ್ಸು ಬದಲಿಸಿ ಅಣ್ಣನ ಮನೆಗೆ. ಹೋದ ವಾರ ಮುಗಿಸಿದ ಅಧ್ಯಾಯಗಳನ್ನು ಅಪ್ಪನ ಪುಟ್ಟ ಪ್ಲೇಯರಿಗೆ ಹಾಕಿಕೊಟ್ಟೆ. ಅವರ ಕಣ್ಣು ಪೂರ್ತಿ ಹೋಗಿ ನಾಲ್ಕು ವರ್ಷವಾಯಿತು. ಈಗ ಎದೆಯೂ ತಕರಾರು ಮಾಡುತ್ತಿದೆ. ಹಾಸಿಗೆಯಿಂದ ಕುರ್ಚಿಗೆ ಬರುವಷ್ಟರಲ್ಲಿ ಏದುಸಿರು. ಹೃದಯದ ಡಾಕ್ಟರು ಅಣ್ಣನಿಗೆ ಹೇಳಿದ್ದು ಇಷ್ಟೇ: ಏನು ಆಸೆ ಇದೆಯೋ ಬೇಗ ನಡೆಸಿಕೊಡಿ.

ಅಪ್ಪನ ಆಸೆ ಈ ಪುಸ್ತಕ. ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದಾಗ ಈ ದಪ್ಪ ಕಾದಂಬರಿಯನ್ನು ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಿದವರು ಅವರು. ಕೊನೆಯ ಅಧ್ಯಾಯ ಬರುವಷ್ಟರಲ್ಲಿ ಕಾಮಾಲೆ ಹಿಡಿದು ಮಲಗಿಬಿಟ್ಟರು. ಪ್ರೆಸ್ಸಿನ ಯಜಮಾನ ಕಾಯಲಿಲ್ಲ. ಬೇರೆಯವನ ಕೈಲಿ ಜೋಡಿಸಿ ಅಚ್ಚು ಹಾಕಿಸಿದ. ಅಪ್ಪನಿಗೆ ಉರಿದುಹೋಯಿತು. ನಾನು ಜೋಡಿಸದ ಪುಟ ನಾನು ಓದಲ್ಲ ಎಂದು ಹಟ ಹಿಡಿದವರು, ಓದಲೇ ಇಲ್ಲ. ಹಟ ಇಳಿಯುವ ಹೊತ್ತಿಗೆ ಕಣ್ಣು ಹೋಗಿತ್ತು.

"ಕೊನೆಗೆ ಅವಳು ಹೊಳೆ ದಾಟಿ ಹೋದಳೋ, ದಡದಲ್ಲೇ ಉಳಿದಳೋ?" ಎಂದು ಇವತ್ತು ಕೂಡ ಕೇಳಿದರು. ಸೇತುವೆ ಬಂದ ಮೇಲೆ ಯಾರಿಗೂ ಬೇಡವಾದ ದೋಣಿಯವಳ ಕಥೆ ಅದು.

"ಹೇಳಿಬಿಡ್ಲಾ?"

"ಹೇಳಿದ್ರೆ ನೋಡು! ಸಾಲಾಗಿ ಬರಲಿ. ಆದ್ರೆ ಬೇಗ ಬರಲಿ."

ನಾನು ಮೊದಲೇ ಓದಿದ್ದೇನೆ. ಬಾಯಿ ಬಿಡಲಿಲ್ಲ. ಅಪ್ಪನಿಗೆ ಕೊಡುವುದು ನನ್ನ ಜೀವನದಲ್ಲೇ ಅತ್ಯಂತ ಚೊಕ್ಕವಾದ ಓದಾಗಿರಬೇಕು. ಒಂದು ಸದ್ದು, ಒಂದು ತೊದಲು ಇರಬಾರದು.

ಅತ್ತಿಗೆ ಊಟಕ್ಕೆ ಕರೆದಳು. "ಮೊಸರು ಚೆನ್ನಾಗಿದೆ, ಎರಡು ತುತ್ತು ತಿಂದು ಹೋಗಿ," ಎಂದಳು. ಚಹಾ ಕುಡಿದಿದ್ದೇನೆ, ಬಸ್ಸಿಗೆ ಹೊತ್ತಾಯಿತು ಎಂದೆ. ಅಮ್ಮ ಹೋದ ಮೇಲೆ ಆ ಅಡುಗೆಮನೆಯಲ್ಲಿ ಎಲ್ಲ ಸಾಮಾನೂ ಜಾಗ ಬದಲಿಸಿವೆ. ಲೋಟ ಇದ್ದ ಕಡೆ ಡಬ್ಬಿ, ಡಬ್ಬಿ ಇದ್ದ ಕಡೆ ಅತ್ತಿಗೆ ಮಹಾರಾಣಿಯ ಫೋನಿನ ಚಾರ್ಜರು. ಅಲ್ಲಿ ನನಗೆ ತುತ್ತು ಇಳಿಯುವುದಿಲ್ಲ.

ಮಾರ್ಚ್ ೧೨, ಬುಧವಾರ

ಕ್ಯಾಪ್ಸೂಲಿನಿಂದ ಏನೂ ಆಗುತ್ತಿಲ್ಲ ಎಂದು ಔಷಧಿ ಅಂಗಡಿಯವನ ಮೇಲೆ ಹರಿಹಾಯಲು ಹೋಗಿದ್ದೆ. ಅವನು ಸಮಾಧಾನವಾಗಿ, "ಯಾವುದರ ಜೊತೆ ನುಂಗ್ತೀರಿ?" ಎಂದು ಕೇಳಿದ.

"ಬೆಳಗಿನ ಚಹಾ ಜೊತೆ."

"ಬಿಸಿ ಚಹಾ?"

"ಆರಿದ ಚಹಾ ಯಾರಪ್ಪಾ ಕುಡೀತಾರೆ?"

"ಅಮ್ಮಾ, ಬದುಕಿರೋ ಜೀವಗಳನ್ನ ಬೇಯಿಸಿ ನುಂಗಿದ್ರೆ ಪಾಪ ಅವು ಏನು ಮಾಡ್ತಾವೆ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಇನ್ನು ಮೇಲೆ ತಣ್ಣೀರಿನ ಜೊತೆ. ಇಷ್ಟು ದಿನ ಕೋಟಿಗಟ್ಟಲೆ ಕೊಲೆ ಮಾಡಿದ್ದಾಯಿತು.

ಸ್ಟುಡಿಯೋದಲ್ಲಿ ಇನ್ನೊಂದು ಉಪಾಯ ಮಾಡಿದೆ. ಏನೂ ತಿನ್ನದೆ ಹೋಗಿ ಕೂತೆ. ಒಳಗೆ ಏನೂ ಇಲ್ಲದಿದ್ದರೆ ಸದ್ದು ಎಲ್ಲಿಂದ ಬರಬೇಕು ಎಂದು ಲೆಕ್ಕ. ಖಾಲಿ ಹೊಟ್ಟೆ ಮೊದಲಿಗಿಂತ ಜೋರಾಗಿ ಗುಡುಗಿತು.

"ಖಾಲಿ ಡ್ರಮ್ಮೇ ಅಲ್ವಾ ಅಕ್ಕ ಜಾಸ್ತಿ ಸದ್ದು ಮಾಡೋದು?" ಎಂದ ಕಿವಿ. ತನ್ನ ಬುತ್ತಿಯಿಂದ ಅರ್ಧ ಸೇಬು ಕೊಯ್ದು ಗಾಜಿನ ಬಾಗಿಲಿನಿಂದ ಒಳಗೆ ದಾಟಿಸಿದ. ತಿಂದೆ. ಸ್ವಲ್ಪ ಹೊತ್ತು ತೆಪ್ಪಗಿತ್ತು, ಮೂರು ಪುಟ ಆಯಿತು.

ಮಾರ್ಚ್ ೧೬, ಭಾನುವಾರ

ಅಪ್ಪನ ಹತ್ತಿರ ಹೋಗಲಿಲ್ಲ. ಹೊಟ್ಟೆ ಉಬ್ಬರಿಸಿ ಸೀರೆಯ ನೆರಿಗೆ ನಿಲ್ಲುತ್ತಿಲ್ಲ. ಎರಡು ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದು ಸಾಧ್ಯವಿಲ್ಲ ಎಂದು ಫೋನ್ ಮಾಡಿದೆ. ಕೊಡುವುದಕ್ಕೂ ಒಂದೇ ಒಂದು ಅಧ್ಯಾಯ ಸಿದ್ಧವಿತ್ತು.

ಅತ್ತಿಗೆ ಫೋನಿನಲ್ಲಿ, "ಮಾವ ಬೆಳಗಿಂದ ಶರ್ಟ್ ಹಾಕ್ಕೊಂಡು ಕೂತಿದಾರೆ," ಎಂದಳು. ಚುಚ್ಚಲೆಂದೇ ಹೇಳಿದಳೋ ಏನೋ.

ಮಾರ್ಚ್ ೧೯, ಬುಧವಾರ

ಮೇಲಿನವರು ಕರೆಸಿದರು. ಮೇಲಿನವರು ಎಂದರೆ ಮಹಡಿಯ ಮೇಲೆ ಕೂರುವ ನಿರ್ದೇಶಕಿ. ಸಿಹಿಯಾಗಿ ಮಾತಾಡುವುದರಲ್ಲಿ ಎತ್ತಿದ ಕೈ.

"ನಿಮ್ಮ ಆರೋಗ್ಯ ಮುಖ್ಯ. ಏಪ್ರಿಲ್ ಹತ್ತಕ್ಕೆ ಕೋಣೆ ರಿಪೇರಿಗೆ ಕೊಡ್ತೀವಿ, ನಿಮಗೂ ಗೊತ್ತು. ಅಷ್ಟರಲ್ಲಿ ಆಗದಿದ್ರೆ ಉಳಿದ ಅಧ್ಯಾಯಗಳನ್ನ ಇನ್ನೊಬ್ಬರ ಹತ್ತಿರ ಓದಿಸೋಣ. ಒಳ್ಳೆ ಗಂಡು ದನಿ ಸಿಕ್ಕಿದೆ."

ಅಪ್ಪನಿಗೆ ಕೊನೆಯ ಅಧ್ಯಾಯವನ್ನು ಎರಡನೇ ಸಲ ಬೇರೆಯವರು ಮಾಡಿಕೊಡುವುದೇ? ಆಗುವುದಿಲ್ಲ ಎಂದು ಅಲ್ಲೇ ಹೇಳಿದೆ, ಕೆಳಗೆ ಬಂದು ಗಟಗಟ ನೀರು ಕುಡಿದು ಮೈಕಿನ ಮುಂದೆ ಕೂತೆ. ಗಾಬರಿಗೋ ಏನೋ, ದೋಣಿಯವಳು ಮಗನಿಗೆ ಹೇಳುವ ಮಾತನ್ನು ಹೀಗೆ ಓದಿದೆ: "ನೀನು ಹೋಗು ಕಾಮಾ ನಾನು ಬರಲ್ಲ ಫುಲ್‌ಸ್ಟಾಪ್."

ಕಿವಿ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅವನ ನಗು ಕೇಳಿಸಲೇ ಇಲ್ಲ. ನನ್ನ ಬಾಯಿಂದ ಬಂದದ್ದು ಅಪ್ಪನ ದನಿ. ಪ್ರೂಫುಗಳನ್ನು ಅಪ್ಪ ಮನೆಗೆ ತರುತ್ತಿದ್ದರು. ಸಂಜೆ ದೀಪದ ಕೆಳಗೆ ಕೂತು ಕಾಮಾ, ಫುಲ್‌ಸ್ಟಾಪ್, ಪ್ರಶ್ನೆ ಎಲ್ಲ ಸೇರಿಸಿ ಗಟ್ಟಿಯಾಗಿ ಓದುವರು. ಅಮ್ಮ ಮೂಲ ಪ್ರತಿಯ ಮೇಲೆ ಬೆರಳು ಓಡಿಸುತ್ತ ತಪ್ಪಿದ್ದನ್ನು ಹಿಡಿಯುವಳು. ನಾನು ಅವಳ ತೊಡೆಯ ಮೇಲೆ. ಯಾವ ಕಥೆಯಾದರೂ ನಡುನಡುವೆ ಕಾಮಾ ಫುಲ್‌ಸ್ಟಾಪ್ ಬರಲೇಬೇಕು ಎಂದುಕೊಂಡು ಬೆಳೆದವಳು ನಾನು. ಶಾಲೆಯಲ್ಲಿ ಮೊದಲ ದಿನ ಹಾಗೆಯೇ ಓದಿ ಎಲ್ಲರ ಮುಂದೆ ನಗೆಪಾಟಲಾಗಿದ್ದೆ. ಎಷ್ಟು ವರ್ಷವಾಗಿತ್ತು ಅದು ನೆನಪಾಗಿ!

ಕಿವಿ ಆ ತುಣುಕನ್ನು ಅಳಿಸದೆ ಬೇರೆ ಎತ್ತಿಟ್ಟಿದ್ದಾನಂತೆ. ದರಿದ್ರದವನು.

ಮಾರ್ಚ್ ೨೧, ಶುಕ್ರವಾರ

ಅರ್ಧ ಪುಟ. ಅಷ್ಟೇ.

ಮಾರ್ಚ್ ೨೪, ಸೋಮವಾರ

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದರು ಎಂದು ಬೆಳಿಗ್ಗೆ ಅಣ್ಣ ಹೇಳಿದ. ಶನಿವಾರ ಉಸಿರು ಕಟ್ಟಿತಂತೆ. ಇವತ್ತು ಮನೆಗೆ ಕಳಿಸಿದ್ದಾರೆ, ಇನ್ನು ಆಸ್ಪತ್ರೆಯಲ್ಲಿ ಮಾಡುವುದೇನಿಲ್ಲ ಎಂದು.

"ನನಗ್ಯಾಕೆ ಶನಿವಾರಾನೇ ಹೇಳಲಿಲ್ಲ?" ಎಂದು ರೇಗಿದೆ.

"ನಿನಗೇ ಹುಷಾರಿಲ್ಲ ಅಂದಿದ್ದೆ. ಓದೋದಿದೆ ಅಂದಿದ್ದೆ."

ಓದುವುದಿದೆ ಎಂದು ಹೇಳಿದ್ದೆ, ನಿಜ. ಬ್ಯಾಗಿಗೆ ನಾಲ್ಕು ಬಟ್ಟೆ, ಕ್ಯಾಪ್ಸೂಲಿನ ಡಬ್ಬಿ, ಪುಸ್ತಕ ತುಂಬಿಕೊಂಡು ಹೊರಟೆ. ಕಿವಿಗೆ ಫೋನ್ ಮಾಡಿ ಈ ವಾರ ಬರುವುದಿಲ್ಲ ಎಂದೆ. ಅವನು ಹೊಟ್ಟೆಯ ಸುದ್ದಿ ಎತ್ತಲಿಲ್ಲ. "ಇಲ್ಲಿ ನಾನು ನೋಡ್ಕೋತೀನಿ ಅಕ್ಕ," ಎಂದ.

ಅಪ್ಪ ಎಷ್ಟು ಚಿಕ್ಕವರಾಗಿಬಿಟ್ಟಿದ್ದಾರೆ. ದಿಂಬೇ ದೊಡ್ಡದಾಗಿ ಕಾಣುತ್ತದೆ. ಕೈ ಹಿಡಿದುಕೊಂಡರೆ ಹೆಬ್ಬೆರಳಿನ ತುದಿ ಇನ್ನೂ ಗಟ್ಟಿ, ಮೊಳೆ ಒತ್ತಿ ಒತ್ತಿ ಚಪ್ಪಟೆಯಾದದ್ದು.

"ತಂದ್ಯಾ?" ಎಂದರು.

"ತರಲಿಲ್ಲ ಅಪ್ಪ. ಇನ್ನೂ ಪೂರ್ತಿ ರೆಕಾರ್ಡ್ ಆಗಿಲ್ಲ."

"ಪುಸ್ತಕ?"

"ಬ್ಯಾಗಲ್ಲಿದೆ."

"ಮತ್ತೆ?" ಎಂದರು ಅಪ್ಪ. "ನಿನ್ನ ಬಾಯಿಗೇನಾಗಿದೆ?"

ಮಾರ್ಚ್ ೨೫, ಮಂಗಳವಾರ

ಬೆಳಿಗ್ಗೆ ಒಂದು ಅಧ್ಯಾಯ, ಸಂಜೆ ಅರ್ಧ. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಓದಿದೆ. ಹೊರಗೆ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಮೇಲಿನ ಮನೆಯಲ್ಲಿ ಮಿಕ್ಸಿ, ಅಣ್ಣ ಸ್ನಾನದ ಮನೆಯಲ್ಲಿ ಗಂಟಲು ತೊಳೆಯುವ ಆರ್ಭಟ. ಕಿವಿ ಇದ್ದಿದ್ದರೆ ಮೂರ್ಛೆ ಹೋಗುತ್ತಿದ್ದ. ನಾನು ಎರಡು ಕಡೆ ತೊದಲಿದೆ, ಒಂದು ಸಾಲು ಹಾರಿಸಿದೆ. ಅಪ್ಪ ತಕ್ಷಣ ಬೆರಳೆತ್ತಿದರು.

"ಒಂದು ಸಾಲು ಬಿಟ್ಟೆ. 'ಹುಟ್ಟು ಒಣಗಿತ್ತು' ಅಂತ ಬರಬೇಕು."

ಬರಬೇಕಿತ್ತು. ದೋಣಿ ನಡೆಸುವ ಹುಟ್ಟು ಒಣಗಿತ್ತು ಎಂಬುದು ಪೂರ್ತಿ ಒಂದು ಸಾಲು. ಎಷ್ಟೋ ದಶಕದ ಹಿಂದೆ ಜೋಡಿಸಿದ ಸಾಲು ಅವರ ತಲೆಯಲ್ಲಿ ಹಾಗೇ ಕೂತಿದೆ.

ಮಧ್ಯೆ ನನ್ನ ಹೊಟ್ಟೆ ಗುಳುಗುಳು ಎಂದಿತು. ನಾನು ನಾಚಿ ಪುಸ್ತಕವನ್ನು ಹೊಟ್ಟೆಗೆ ಒತ್ತಿಕೊಂಡೆ. ಅಪ್ಪನ ಮುಖ ಅರಳಿತು.

"ನಿಮ್ಮಮ್ಮಂದೂ ಹೀಗೇ. ಊಟಕ್ಕೆ ಮುಂಚೆ ಪ್ರೂಫಿಗೆ ಕೂತ್ರೆ, ನಾನು ಕಾಮಾ ಅನ್ನೋದು, ಅವಳ ಹೊಟ್ಟೆ ಗುಳುಕ್ ಅನ್ನೋದು. ನೀನು ಅವಳ ಹೊಟ್ಟೆಗೆ ಕಿವಿಯಿಟ್ಕೊಂಡು ಕಿಲಕಿಲ ನಗ್ತಿದ್ದೆ. ಆಮೇಲೆ ಅಲ್ಲೇ ನಿದ್ದೆ."

ನನಗೆ ಅದು ನೆನಪೇ ಇರಲಿಲ್ಲ. ಅವರು ಹೇಳಿದ ಮೇಲೆ ಬಂತು. ಒಂದು ಕಿವಿಗೆ ಅಪ್ಪನ ದನಿ, ಇನ್ನೊಂದು ಕಿವಿಗೆ ಸೀರೆಯ ಒಳಗಿನಿಂದ ಅಮ್ಮನ ಹೊಟ್ಟೆಯ ಸದ್ದು, ಬೆಚ್ಚಗೆ. ಅದಕ್ಕಿಂತ ಒಳ್ಳೆಯ ಜಾಗದಲ್ಲಿ ಆಮೇಲೆ ನಾನು ಎಲ್ಲೂ ಮಲಗಿಲ್ಲ. ತಡೆಯಲಾಗದೆ ಅತ್ತೆ. ಅಪ್ಪನಿಗೆ ಕಾಣುವುದಿಲ್ಲ ಎಂಬ ಧೈರ್ಯ.

"ಅಳಬೇಡ, ಮುಂದೆ ಓದು," ಎಂದರು.

ಮಾರ್ಚ್ ೨೭, ಗುರುವಾರ

ಅತ್ತಿಗೆ ನನ್ನನ್ನು ಊಟಕ್ಕೆ ಕೂರಿಸುತ್ತಾಳೆ. ಕರೆಯುವುದಿಲ್ಲ, ತಟ್ಟೆ ಹಾಕಿಬಿಡುತ್ತಾಳೆ. ಹಾಕಿದ ತಟ್ಟೆ ಬಿಟ್ಟು ಏಳುವಷ್ಟು ದೊಡ್ಡಸ್ತಿಕೆ ನನಗೆ ಇನ್ನೂ ಬಂದಿಲ್ಲ. ಬೇಯಿಸಿದ ಕಾಳು, ಸೊಪ್ಪು, ಕೊನೆಗೆ ಮೊಸರು. ಉಪ್ಪುನೀರಿನಲ್ಲಿ ಹಾಕಿ ಹುಳಿ ಬರಿಸಿದ ಕ್ಯಾರೆಟ್ಟಿನ ಒಂದು ಜಾಡಿ ಕಿಟಕಿಯ ಪಕ್ಕ ಇಟ್ಟಿದ್ದಾಳೆ. ಮುಚ್ಚಳ ತೆಗೆದರೆ ಸಣ್ಣಗೆ ಬುಸ್ ಎನ್ನುತ್ತದೆ.

"ಇದೂ ನಿಮ್ಮ ಕ್ಯಾಪ್ಸೂಲಿನ ಬಳಗವೇ," ಎಂದಳು. "ನಿಮ್ಮ ಡಾಕ್ಟರನ್ನ ಕೇಳಿ ಬೇಕಾದ್ರೆ."

ಕೇಳಿದೆ, ಫೋನಿನಲ್ಲಿ. ಸ್ವಲ್ಪ ಸ್ವಲ್ಪ ತಿನ್ನಿ, ಒಳ್ಳೆಯದೇ, ಉಪ್ಪು ಮಾತ್ರ ನೋಡಿಕೊಳ್ಳಿ ಎಂದರು ಡಾಕ್ಟರು. ಮೊಸರು ಹೇಗಿದೆ ಎಂದೂ ಕೇಳಿದರು. ಅಮ್ಮನ ಮೊಸರಿನ ಹಾಗಿದೆ ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಬಟ್ಟಲಿನಲ್ಲಿ ಅದೇ ದಪ್ಪ ಕೆನೆ, ಅದೇ ಸಣ್ಣ ಹುಳಿ. ಅತ್ತಿಗೆಯನ್ನು ಕೇಳಿದರೆ, "ಅತ್ತೆ ಹೆಪ್ಪೇ ತಾನೆ? ನಿಲ್ಲಿಸೋಕೆ ನಾನ್ಯಾರು?" ಎಂದಳು, ತಟ್ಟೆ ತೊಳೆಯುತ್ತ, ನನ್ನ ಕಡೆ ತಿರುಗದೆ.

ಮಾರ್ಚ್ ೩೦, ಭಾನುವಾರ

ಮಗ ಪಟ್ಟಣಕ್ಕೆ ಹೋದ. ಕಾದಂಬರಿಯಲ್ಲಿ. ಅಪ್ಪ ಹೋಗಲಿ ಬಿಡು, ಆ ಹುಡುಗ ಮೊದಲಿಂದಲೂ ಅಷ್ಟಕ್ಕಷ್ಟೆ ಎಂದರು. ಅತ್ತಿಗೆ ಬಟ್ಟೆ ಮಡಿಸುತ್ತ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. "ಸೊಸೆ ಇದ್ದಿದ್ರೆ ಹೀಗಾಗ್ತಿರಲಿಲ್ಲ," ಎಂದು ತೀರ್ಪು ಕೊಟ್ಟಳು. ಅಪ್ಪ ನಗಲು ಹೋಗಿ ಕೆಮ್ಮಿದರು. ಇಬ್ಬರೂ ಸೇರಿ ಬೆನ್ನು ಸವರಿ ಎತ್ತಿ ಕೂರಿಸಿದೆವು. ಎಷ್ಟು ಹಗುರ.

ಕೆಲವು ಪುಟ ಓದುವಷ್ಟರಲ್ಲಿ ಅಪ್ಪ ಜೊಂಪಿಗೆ ಜಾರುತ್ತಾರೆ. ಎಚ್ಚರವಾದಾಗ ಎಲ್ಲಿ ನಿಂತಿದ್ದೆವು ಎಂದು ಅವರೇ ಹೇಳುತ್ತಾರೆ. ಇವತ್ತು ಒಂದು ಸಲ ತಪ್ಪು ಹೇಳಿದರು. ನಾನು ತಿದ್ದಲಿಲ್ಲ, ಅವರು ಹೇಳಿದ ಕಡೆಯಿಂದಲೇ ಮತ್ತೆ ಓದಿದೆ.

ಏಪ್ರಿಲ್ ೨, ಬುಧವಾರ

ಕಿವಿ ಫೋನ್ ಮಾಡಿದ್ದ. "ಹೊಟ್ಟೆ ಹೇಗಿದೆ ಅಕ್ಕ?"

"ಯಾರ ಹೊಟ್ಟೆ?" ಎಂದೆ.

ಅವನು ಅಪ್ಪನನ್ನು ವಿಚಾರಿಸಿದ. ಏಳನೇ ತಾರೀಕಿನಿಂದ ಮೂರು ದಿನ ಕೋಣೆಯನ್ನು ಪೂರ್ತಿ ನನಗೇ ಬರೆಸಿಟ್ಟಿದ್ದಾನಂತೆ. ಮೇಲಿನವರು ಕೇಳಿದರೆ ಏನು ಹೇಳುತ್ತೀ ಎಂದೆ. ಮೈಕು ಕೆಟ್ಟಿದೆ ಎಂದು ಹೇಳಿ ಗಂಡು ದನಿಯನ್ನು ಆಗಲೇ ಎರಡು ಸಲ ವಾಪಸ್ಸು ಕಳಿಸಿದ್ದಾನೆ. ಒಳ್ಳೆಯವನು ಕಿವಿ.

ಇವತ್ತು ಹಾಲಿಗೆ ಹೆಪ್ಪು ಹಾಕಿದ್ದು ನಾನು. ಅತ್ತಿಗೆ ಅಂಗಡಿಗೆ ಹೋಗಿದ್ದಳು, ಹಾಲು ಆರುತ್ತಿತ್ತು. ಡಬ್ಬಿಗಳು ಈಗ ಎಲ್ಲಿವೆ ಎಂದು ಗೊತ್ತಾಗಿಬಿಟ್ಟಿದೆ. ಒಲೆಯಿಂದ ಕೈ ಚಾಚಿದರೆ ಸಿಗುವ ಹಾಗೆ ಇಟ್ಟಿದ್ದಾಳೆ, ಅನುಕೂಲವೇ.

ಏಪ್ರಿಲ್ ೪, ಶುಕ್ರವಾರ

ಅಪ್ಪ ದಿನವಿಡೀ ಮಾತಾಡಲಿಲ್ಲ. ಮೊಸರಿನ ನೀರು ಎರಡು ಚಮಚ ಕುಡಿದರು. ನಾಳೆ ಕೊನೆಯ ಅಧ್ಯಾಯ ಎಂದು ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ನನ್ನ ಕೈ ಒತ್ತಿದರು. ದೇವರೇ, ನಾಳೆ ಒಂದು ದಿನ ಕೊಡು.

ಏಪ್ರಿಲ್ ೫, ಶನಿವಾರ

ಮುಗಿಯಿತು. ಅಪ್ಪ ಕೇಳಿದರು, ಪೂರ್ತಿ.

ಬೆಳಿಗ್ಗೆ ಎದ್ದಾಗಲೇ ಗೆಲುವಾಗಿದ್ದರು. ಮುಖ ತೊಳೆಸಿಕೊಂಡು, ತಲೆ ಬಾಚಿಸಿಕೊಂಡು, ಎರಡು ದಿಂಬು ಕೊಡಿ ಎಂದು ಹಟ ಮಾಡಿದರು. ಅಣ್ಣ ಕೆಲಸಕ್ಕೆ ರಜೆ ಹಾಕಿ ಮಂಚದ ಕಾಲ ಹತ್ತಿರ ಕೂತ. ಅತ್ತಿಗೆ ಒಲೆ ಆರಿಸಿ ಬಂದಳು. ನಾನು ಓದಿದೆ. ಎಷ್ಟು ಹೊತ್ತು ಓದಿದೆನೋ ಗೊತ್ತಿಲ್ಲ. ಕೊನೆಯಲ್ಲಿ ದೋಣಿಯವಳು ಮನೆಗೆ ಬೀಗ ಹಾಕುತ್ತಾಳೆ, ದೋಣಿ ಬಿಚ್ಚುತ್ತಾಳೆ, ಹೊಳೆ ದಾಟಿ ಹೋಗುತ್ತಾಳೆ. ಸೇತುವೆಯ ಮೇಲಿನ ಜನ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿಗೆ ಮುಗಿಯುತ್ತದೆ. ಪುಸ್ತಕ ಮುಚ್ಚಿದೆ.

ಅಪ್ಪ ಕೈ ಚಾಚಿ ಪುಸ್ತಕದ ರಟ್ಟು ಮುಟ್ಟಿ ನೋಡಿದರು.

"ಇಷ್ಟೇನಾ?" ಎಂದರು.

"ಇಷ್ಟೇ ಅಪ್ಪ."

"ಇದಕ್ಕಿಂತ ನಾನು ಹೇಳಿದ್ದೇ ಚೆನ್ನಾಗಿತ್ತು."

"ಯಾರಿಗೆ ಹೇಳಿದ್ರಿ?"

"ನಿಮ್ಮಮ್ಮನಿಗೆ. ಕಾಮಾಲೆ ವಾಸಿಯಾಗಿ ಎದ್ದು ಕೂತ ದಿನ ಕೇಳಿದಳು, ಕೊನೆಗೆ ಅವಳು ಏನಾದಳು ಅಂತ. ಪ್ರೂಫ್ ಓದಿ ಓದಿ ಅವಳಿಗೂ ಆ ಹೆಂಗಸು ಮನೆಯವಳ ಹಾಗೆ ಆಗಿಬಿಟ್ಟಿದ್ದಳು. ನನಗೆ ಗೊತ್ತಿಲ್ಲ, ಕೆಲಸ ಕೈ ತಪ್ಪಿ ಹೋಯಿತು ಅಂತ ಹೇಳೋಕೆ ಬಾಯಿ ಬರಲಿಲ್ಲ. ಅವಳು ಹಾಲಿಗೆ ಹೆಪ್ಪು ಹಾಕ್ತಾ ನಿಂತಿದ್ದಳು. ನಾನು ಅಲ್ಲೇ ಕಟ್ಟಿ ಹೇಳಿದೆ. ದೋಣಿ ಹತ್ತಿ ನಡುಹೊಳೆವರೆಗೆ ಹೋದಳು, ಅಯ್ಯೋ ಹಾಲಿಗೆ ಹೆಪ್ಪು ಹಾಕೋದು ಮರೆತೆ ಅಂತ ನೆನಪಾಯಿತು, ದೋಣಿ ತಿರುಗಿಸಿದಳು. ಮನೆಗೆ ಬಂದು ನೋಡಿದರೆ ಬಾಗಿಲಲ್ಲಿ ನೆರೆಯವಳು ಬಟ್ಟಲು ಹಿಡಿದು ನಿಂತಿದಾಳೆ, ಒಂದು ಚಮಚ ಹೆಪ್ಪು ಕೊಡು ಅಂತ. ಆಮೇಲೆ ಹೋಗಲೇ ಇಲ್ಲ ಅಂದೆ."

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ.

"ನಿಮ್ಮಮ್ಮ ಕೇಳಿ ಕಣ್ಣೊರೆಸಿಕೊಂಡಳು," ಎಂದರು ಅಪ್ಪ. "ಸುಳ್ಳು ಹೇಳಿದೆ ಅಂತ ನನಗೆ ಇಷ್ಟು ವರ್ಷ ಒಳಗೊಳಗೇ ಕೊರೀತಾ ಇತ್ತು. ಅದಕ್ಕೇ ನಿಜ ಏನು ಅಂತ ತಿಳ್ಕೋಬೇಕಿತ್ತು." ಅಷ್ಟು ಮಾತಾಡಿದ್ದಕ್ಕೇ ದಣಿದು ಕಣ್ಣು ಮುಚ್ಚಿದರು.

ನಾನು ಎದ್ದು ಅಡುಗೆಮನೆಗೆ ಹೋದೆ. ಅತ್ತಿಗೆ ಹಿಂದೆಯೇ ಬಂದು ಬಾಗಿಲು ಮರೆ ಮಾಡಿದಳು. ಅವಳ ಕಣ್ಣೂ ಕೆಂಪಾಗಿತ್ತು.

"ನಿನಗೊಂದು ಹೇಳಬೇಕು, ಇಲ್ಲಿ ಬಾ," ಎಂದು ಮೊದಲ ಸಲ ಏಕವಚನದಲ್ಲಿ ಕರೆದು, ಕೈ ಹಿಡಿದು ಒಲೆಯ ಪಕ್ಕಕ್ಕೆ ಎಳೆದಳು. "ಅತ್ತೆ ಆ ಪುಸ್ತಕ ಓದಿದ್ರು."

"ಯಾವಾಗ?"

"ಅಚ್ಚಾದ ವರ್ಷಾನೇ. ಮಾವ ಕೆಲಸಕ್ಕೆ ಹೋದ ಮೇಲೆ ಲೈಬ್ರರಿಯಿಂದ ತಂದು, ಕೊನೇ ಅಧ್ಯಾಯ ಓದಿ, ಮಾವ ಬರೋದರೊಳಗೆ ವಾಪಸ್ ಕೊಟ್ಟುಬಿಟ್ಟರಂತೆ. ನನಗೆ ಹೆಪ್ಪು ಹಾಕೋದು ಹೇಳಿಕೊಡ್ತಾ ಒಂದಿನ ಹೇಳಿದ್ರು. ನಗ್ತಾ ನಗ್ತಾ ಹೇಳಿದ್ರು."

"ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ನಾನೂ ಅದನ್ನೇ ಕೇಳಿದೆ ಕಣೇ. 'ಪುಸ್ತಕದ್ದು ಊರಿಗೆಲ್ಲ ಬರೆದ ಕಥೆ, ಇದು ನನಗೊಬ್ಬಳಿಗೇ ಕಟ್ಟಿದ್ದು, ಸುಳ್ಳು ಅಂತ ಹೇಳಿ ಯಾಕೆ ಕೆಡಿಸಲಿ' ಅಂದ್ರು."

ಇಬ್ಬರೂ ಒಲೆಯ ಮುಂದೆ ನಿಂತು ಚೆನ್ನಾಗಿ ಅತ್ತೆವು. ಆಮೇಲೆ ಅತ್ತಿಗೆ ಮೂಗು ಒರೆಸಿಕೊಂಡು, "ಕೂತ್ಕೋ, ಬೆಳಗಿಂದ ಏನೂ ತಿಂದಿಲ್ಲ ನೀನು," ಎಂದು ತಟ್ಟೆ ಹಾಕಿದಳು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ತಿಂದೆವು.

ಸಂಜೆ ಅಪ್ಪ ಕಣ್ಣು ಬಿಟ್ಟಾಗ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ತುಟಿ ಒಣಗಿತ್ತು, ನೀರು ತಾಕಿಸಿದೆ. ದನಿ ಬಹಳ ಸಣ್ಣದಾಗಿತ್ತು, ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

"ನಿಮ್ಮಮ್ಮ ನಂಬಿದ್ದಳು ಅಲ್ವೇನೇ?"

"ನಂಬಿದ್ದಳು ಅಪ್ಪ," ಎಂದೆ. "ಪೂರ್ತಿ ನಂಬಿದ್ದಳು."

ಎಲ್ಲೂ ತೊದಲಲಿಲ್ಲ, ದನಿ ನಡುಗಲಿಲ್ಲ. ಒಂದೇ ಸಲಕ್ಕೆ ಸರಿಯಾಗಿ ಬಂತು.